ಸ್ವರ್ಗ ತೆರವು ಕೋರಿ ಅರ್ಜಿ

ನಮ್ಮ ಕಡೆ ಹುಚ್ಚುಬೇವು ಅಂತ ಬೇಲಿಯಾಚೆ ಬಿಟ್ಟ ಮರಕ್ಕೆ
ಮೊಂಟೆವಿಡಿಯೊದ ಬಾಯಲ್ಲಿ ಹೆಸರು, ಸ್ವರ್ಗ.
ತಮಾಷೆಯಲ್ಲ, ಪಾಲಿಕೆಯ ರಿಜಿಸ್ಟರಿನಲ್ಲೂ ಹಾಗೇ:
ಸ್ವರ್ಗ, ಸುತ್ತಳತೆ ನೂರಾ ನಲವತ್ತು ಸೆಂಟಿಮೀಟರು,
ಒಂದು ಕೊಂಬೆ ತಂತಿಗೆ ತಾಗುತ್ತಿದೆ, ಆರೋಗ್ಯ ಮಧ್ಯಮ.

ಹಾಗಾಗಿ ನೆಲ್ಬಾ ಇತುರ್ಬಿಡೆ ಬರೆದದ್ದು ಇಷ್ಟು:
‘ದಯಮಾಡಿ ನನ್ನ ಬಾಗಿಲೆದುರಿನ ಸ್ವರ್ಗವನ್ನು ತೆಗೆಸಿಕೊಡಿ.’
ಕಾರಣಕ್ಕೆ ಬಿಟ್ಟ ಜಾಗ ಸಾಲದೆ
ಶಾಯಿ ಹಾಳೆಯ ಬೆನ್ನಿಗೂ ಹರಿದಿತ್ತು.
ಬೇರು ಚರಂಡಿ ಕೊಳವೆಗೆ ಬಾಯಿ ಹಾಕಿದೆ.
ಕಾಲುದಾರಿಯ ಬಿಲ್ಲೆಗಳು ಎದ್ದು ನಾನು ಎರಡು ಸಲ ಮುಗ್ಗರಿಸಿದೆ,
ಒಮ್ಮೆ ಮೊಟ್ಟೆ ಸಮೇತ.
ಜೂನಿನಲ್ಲಿ ಎಲೆ, ಆಮೇಲೆ ಹಳದಿ ಕಾಯಿ,
ಆ ಕಾಯಿ ತಿಂದ ಹಕ್ಕಿಗಳು ಕುಡಿದವರ ಹಾಗೆ
ಬಂದು ನನ್ನ ಕಿಟಕಿಗೆ ಬಡಿಯುತ್ತವೆ.
ನನಗೆ ಎಪ್ಪತ್ತೊಂದು. ಗುಡಿಸಿದ್ದು ಸಾಕು.

ಕಡತ ಎಲ್ಬಿಯೊ ಸರಸುವಾನ ಮೇಜು ತಲುಪುವಷ್ಟರಲ್ಲಿ
ಅದೇ ಮರದ ಮೇಲೆ ಇನ್ನೊಂದು ಅರ್ಜಿ ಬಂದು ಕೂತಿತ್ತು.
ಪಂಕ್ಚರ್ ಅಂಗಡಿಯ ವಿಲ್ಮಾರ್, ಪೆನ್ಸಿಲಿನಲ್ಲಿ:
‘ಮುಟ್ಟಿದರೆ ನೋಡಿ. ನನ್ನ ಕುರ್ಚಿ ಅದರಡಿ ಇದೆ.’
ಎರಡನ್ನೂ ಒಂದೇ ಪಿನ್ನಿಗೆ ಚುಚ್ಚಿ
ರಬ್ಬರು ಸುತ್ತಿಗೆ ಚೀಲಕ್ಕಿಳಿಸಿ ಎಲ್ಬಿಯೊ ಹೊರಟ.

ಅವನದು ಕಿವಿಯ ಕೆಲಸ.
ಕಲ್ಲಂಗಡಿ ಕೊಳ್ಳುವವರಂತೆ ಕಾಂಡ ತಟ್ಟುತ್ತಾನೆ.
ಟೊಳ್ಳು ಸದ್ದಾದರೆ ಕೆಂಪು ಬಣ್ಣದ ಒಂದು ಗೀಟು,
ಇಲ್ಲವಾದರೆ ಇಲ್ಲ.
ಈ ಸ್ವರ್ಗ ಗಟ್ಟಿಯಾಗಿತ್ತು.
ಎಲೆ ಉದುರುವುದು ಕಾರಣವಲ್ಲ, ಎಂದ ನೆಲ್ಬಾಗೆ, ನಿಯಮ ಓದುತ್ತಾ.
ಹಕ್ಕಿ ಕಾರಣವಲ್ಲ, ಕುಡಿದಿದ್ದರೂ.
ಗುಡಿಸಿ ಸಾಕಾಗುವುದಕ್ಕೆ, ಕ್ಷಮಿಸಿ ಅಮ್ಮಾ, ಕಾಲಂ ಇಲ್ಲ.
‘ತಿರಸ್ಕೃತ. ಬಿಲ್ಲೆ ರಿಪೇರಿಗೆ ಶಿಫಾರಸು.’

ರಿಪೇರಿಯವರು ಬರಲಿಲ್ಲ.
ಎರಡನೆಯ ಅರ್ಜಿ ಬಂತು, ಮೂರನೆಯದು ಬಂತು,
ಅಕ್ಷರ ದಪ್ಪವಾಗುತ್ತಾ, ಮಾತು ಕಡಿಮೆಯಾಗುತ್ತಾ.
ನಾಲ್ಕನೆಯದರಲ್ಲಿ ಒಂದೇ ಸಾಲು:
‘ಮರ ಒಣಗುತ್ತಿದೆ, ಬಂದು ನೋಡಿ.’

ಹೋಗಿ ನೋಡಿದ. ಅಕ್ಟೋಬರ್.
ಬೀದಿಯ ಉಳಿದ ಸ್ವರ್ಗಗಳೆಲ್ಲ ನಸುನೇರಳೆ ಹೂವಿನಲ್ಲಿ,
ಇದೊಂದು ಬರಿಗಡ್ಡಿ.
ಬುಡದಲ್ಲಿ, ಹಿಮ್ಮಡಿಯೆತ್ತರಕ್ಕೆ, ಬೆರಳು ಹೋಗುವಷ್ಟು ಐದು ತೂತು,
ಮೇಣದಬತ್ತಿ ಕರಗಿಸಿ ಮುಚ್ಚಿದ್ದು.
ಉಗುರಲ್ಲಿ ಕೆರೆದರೆ
ಬಟ್ಟೆ ಬಿಳುಪು ಮಾಡುವ ನೀರಿನ ಘಾಟು.
ತಲೆಯೆತ್ತಿದ.
ಕಿಟಕಿಯಲ್ಲಿ ಪರದೆ ಬೆಳ್ಳಗೆ,
ಅಷ್ಟು ಬೆಳ್ಳಗೆ, ಒಂಚೂರೂ ಅಲುಗದೆ.

ತಟ್ಟಿದ. ಸದ್ದು ಬಂದದ್ದು ತಡವಾಗಿ.
ದಂಡ ಎಷ್ಟೆಂದು ಅವನಿಗೆ ಬಾಯಿಪಾಠ.
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬಹಳ ಹೊತ್ತು ನಿಂತ,
ಎದುರಿಗೆ ವಿಲ್ಮಾರ್ ಟ್ಯೂಬನ್ನು ನೀರಿಗದ್ದಿ
ಗುಳ್ಳೆ ಎಲ್ಲಿಂದ ಬರುತ್ತದೆಂದು ಕಾಯುತ್ತಿದ್ದ.
‘ಒಣಗಲು ಕಾರಣ’ ಎಂಬಲ್ಲಿ ಎಲ್ಬಿಯೊ ಬರೆದ, ವಯಸ್ಸು.
ಯಾರ ವಯಸ್ಸೆಂದು ಕಾಲಂ ಕೇಳುವುದಿಲ್ಲ.

ಒಂದು ಮಂಗಳವಾರ ಗರಗಸ, ಲಾರಿ, ಹಗ್ಗ.
ಮಧ್ಯಾಹ್ನದೊಳಗೆ ಸ್ವರ್ಗ ಖಾಲಿ.
ವಿಲ್ಮಾರನ ಕುರ್ಚಿ ಗೋಡೆಯ ನೆರಳು ಹಿಡಿದು ಸರಿಯುತ್ತಾ ಸರಿಯುತ್ತಾ
ಅಂಗಡಿಯೊಳಕ್ಕೇ ಹೋಯಿತು.

ಜನವರಿಯಲ್ಲಿ ನೆಲ್ಬಾ ಖುದ್ದಾಗಿ ಬಂದಳು, ಮೂಗಿನ ಮೇಲೆ ಬೆವರು.
ಸಂಜೆಬಿಸಿಲು ನೇರ ಒಳಗೆ ಬರುತ್ತದೆ,
ಸೋಫಾದ ಬಣ್ಣ ಹೋಯಿತು, ಮಲಗಲಾಗುವುದಿಲ್ಲ,
ಕಿಟಕಿಗೊಂದು ಚಪ್ಪರ ಹಾಕಿಸಬೇಕು.
ಅದು ಇಲ್ಲಲ್ಲ, ನೆರಳಿಗೆ ಒಂಬತ್ತನೇ ಕೌಂಟರು, ಎಂದ.
ಹೇಳಿದ ಮೇಲೆ ತನಗೇ ಕೇಳಿಸಿತು.
ಅವಳು ನಗಲಿಲ್ಲ. ಫೋಟೊ ಮುಂದಿಟ್ಟಳು, ಸಾಕ್ಷಿಗೆ:
ಕಿಟಕಿ, ಉರಿವ ಗೋಡೆ,
ಇನ್ನೂ ಎದ್ದೇ ಇರುವ ಬಿಲ್ಲೆಗಳು,
ಕೆಳಮೂಲೆಯಲ್ಲಿ, ಎರಡು ಬಿಲ್ಲೆಗಳ ಸಂದಿನಲ್ಲಿ,
ಗೇಣುದ್ದ ಹಸಿರು.

ಅವಳು ಕನ್ನಡಕ ತಂದಿರಲಿಲ್ಲ.
ಎಲ್ಬಿಯೊ ಫೋಟೊ ಎತ್ತಿಕೊಂಡ,
ಆ ಮೂಲೆಯ ಮೇಲೆ ಹೆಬ್ಬೆರಳಿಟ್ಟು,
ಬನ್ನಿ, ನಾನೇ ಕೊಟ್ಟುಬರುತ್ತೇನೆ ಎಂದು
ಒಂಬತ್ತರ ಕಡೆ ನಡೆದ.