ಕಾಲಂ ಹನ್ನೊಂದು

ತರಬೇತಿ ಒಂದೇ ದಿನದ್ದು. ಟೀ, ಬಿಸ್ಕತ್ತು, ಪರದೆಯ ಮೇಲೆ ಚಿತ್ರ.
ಬಂದಿದ್ದ ನಿವೃತ್ತ ಅಧಿಕಾರಿ ಮೀಸೆ ತೀಡುತ್ತ ಹೇಳಿದರು:
ನಗದು ತಂದವರನ್ನು ನೋಡಿ.
ಊರು ಕೇಳಿದರೆ ತಡವರಿಸುವವರನ್ನು ನೋಡಿ.
ಏರುವುದಷ್ಟೇ ಸಾಕು, ಇಳಿಸುವುದು ಬೇಡ ಎನ್ನುವವರನ್ನು
ಕೂರಿಸಿ, ನೀರು ಕೊಡಿ, ಒಳಗೆ ಬಂದು ಫೋನು ಮಾಡಿ.
ಎಲ್ಲ ಬರೆದುಕೊಂಡೆ.
ನೀರು ಕೊಡಿ ಎಂಬುದರ ಕೆಳಗೆ, ಯಾಕೋ, ಗೆರೆ ಎಳೆದೆ.

ಇಲ್ಲಿಗೆ ಬರುವ ಮುಂಚೆ ನಾನು
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಆರು ವರ್ಷ ತೂಕದ ಚೀಟಿ ಬರೆದವಳು.
ಅಲ್ಲಿ ರೀಲರ್ ಪ್ಯಾರೇಜಾನ್ ಸಾಬರು
ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು:
‘ಲೊಟಲೊಟ ಅಂದರೆ ಹುಳ ಸರಿಯಾಗಿದೆ ಮುನಿರತ್ನಮ್ಮ,
ಸದ್ದೇ ಇಲ್ಲದಿದ್ದರೆ ಒಳಗೊಳಗೇ ಕರಗಿದೆ.’
ಮೇಲಿನಿಂದ ಎರಡೂ ಬಿಳಿ. ಎರಡೂ ನುಣುಪು.

ಗೌರಿಬಿದನೂರು ರಸ್ತೆಯಲ್ಲಿ ದ್ರಾಕ್ಷಿ ಚಪ್ಪರ ಮುಗಿದಲ್ಲಿ
ಒಂದು ಪಟ್ಟೆ ಡಾಂಬರು, ಎರಡು ಪುಟಾಣಿ ವಿಮಾನ,
ಕಂಬದ ತುದಿಗೆ ಹರಿದ ಗಾಳಿಚೀಲ, ತಗಡಿನ ಆಫೀಸು.
ಇಲ್ಲಿ ಯಾರನ್ನು ಎತ್ತಿ ಅಲ್ಲಾಡಿಸಲಿ?

ಮಂಗಳವಾರ ರೂಹೀನಾ ಬಂದಳು, ಸೋದರಮಾವನ ಜೊತೆ.
ಬಟ್ಟೆ ಅಂಗಡಿಯ ಚೀಲದಲ್ಲಿ ನೋಟಿನ ಕಟ್ಟು,
ನೋಟಿಗೆಲ್ಲ ಬೆಂದ ಹುಳದ ವಾಸನೆ.
ಊರು ಕೇಳಿದೆ. ತಡವರಿಸಿದಳು,
ಪೇಟೆಯ ಹೆಸರು ಹೇಳಲೋ, ಪೇಟೆಯಾಚೆಯ ಕಾಲೊನಿಯದೋ ಎಂದು.
‘ಇಳಿಸೋದು ಕಷ್ಟಾನಾ ಮೇಡಂ? ಮೊದಲು ಅದನ್ನೇ ಕಲಿಸ್ತಾರಾ?’
ಕಾಲಂ ಹನ್ನೊಂದು, ವಿಮಾನ ಕಲಿಯಲು ಕಾರಣ:
‘ನಮ್ಮ ಒಲೆ ಹೊಗೆಯೊಳಗಿಂದ ದಿನಾ ನೋಡ್ತೀನಿ.
ಒಂದು ಸಲ ಅಲ್ಲಿಂದ ಈ ಹೊಗೆ ನೋಡಬೇಕು.’

ಮ್ಯಾನೇಜರ್ ಅರ್ಜಿ ಓದಿದರು. ‘ನಗದು. ತಡವರಿಕೆ. ಎರಡಾಯ್ತಲ್ಲ.’
ಮೂರನೆಯದನ್ನು ಬಾಯಿಬಿಟ್ಟು ಹೇಳಲಿಲ್ಲ.
ಹೆಸರಿನ ಕಾಲಮ್ಮಿನ ಮೇಲೆ ಅವರ ಪೆನ್ನು
ಸುಮ್ಮನೆ ನಿಂತಿತ್ತು, ಅಷ್ಟೆ.

ಗುರುವಾರ ಬಂದವನ ಅಂಗಿಗೆ ಇಸ್ತ್ರಿಯ ಗೀಟು.
ಪ್ರತಿ ಪತ್ರಕ್ಕೂ ಪ್ರತಿ, ಪ್ರತಿಗೂ ಮೊಹರು.
ಹಣ ಬ್ಯಾಂಕಿನಿಂದ. ಊರು ಕೇಳಿದರೆ ಊರು,
ಪಿನ್‌ಕೋಡ್ ಸಮೇತ.
ಕಾಲಂ ಹನ್ನೊಂದು: ಬಾಲ್ಯದ ಕನಸು.
ಪಟ್ಟಿಯಲ್ಲಿ ಅವನಿಗೆ ಒಂದೂ ಟಿಕ್ಕಿಲ್ಲ.

ಆದರೆ ಇಂಧನದ ಕೋಣೆಯ ಬೀಗದ ಫೋಟೋ ತೆಗೆದ.
‘ನೆನಪಿಗೆ’ ಎಂದ.
ರಾತ್ರಿ ಕಾವಲಿಗೆ ಎಷ್ಟು ಜನ ಎಂದು ಕೇಳಿದ,
ಊಟಕ್ಕೆ ಎಲ್ಲಿಗೆ ಹೋಗುತ್ತಾರೆ ಎಂದೂ.
ಅಷ್ಟರಲ್ಲಿ ತಗಡಿನ ಮೇಲೆ ವಿಮಾನ ಹಾದು ಹೋಯಿತು.
ಹೊಸಬರೆಲ್ಲ ತಲೆ ಎತ್ತುತ್ತಾರೆ,
ಮೂರು ವರ್ಷವಾದರೂ ನಾನೂ ಎತ್ತುತ್ತೇನೆ.
ಅವನು ಎತ್ತಲಿಲ್ಲ.

ನೀರು ಕೊಟ್ಟೆ. ಒಳಗೆ ಹೋಗಿ ನಂಬರು ಒತ್ತಿದೆ.
ಏನಂತ ಹೇಳುವುದು? ತಲೆ ಎತ್ತಲಿಲ್ಲ ಸಾರ್, ಅಂತಲೇ?
ಬೀಗ ಹೇಳಿದೆ, ಕಾವಲು ಹೇಳಿದೆ.
‘ಬರೆದು ಕಳಿಸಿ’ ಅಂತು ಆ ಕಡೆಯ ದನಿ, ಆಕಳಿಸುತ್ತ.
ಹೊರಗೆ ಬಂದರೆ ಕುರ್ಚಿ ಖಾಲಿ.
ಲೋಟ ತೊಳೆದು
ತಟ್ಟೆಯ ಮೇಲೆ ಬೋರಲಾಗಿಟ್ಟು ಹೋಗಿದ್ದ.

ಒಳ್ಳೆಯ ಮನೆಯ ಹುಡುಗನೋ,
ಬೆರಳ ಗುರುತು ಬಿಡದವನೋ.
ಮತ್ತೆ ಬರಲಿಲ್ಲ. ಯಾರೂ ಏನೂ ತಿಳಿಸಲಿಲ್ಲ.
ಆ ಲೋಟದಲ್ಲಿ ಇವತ್ತಿಗೂ ಯಾರಿಗೂ ನೀರು ಕೊಟ್ಟಿಲ್ಲ.

ಸೋಮವಾರ ರೂಹೀನಾಳನ್ನು ಮತ್ತೆ ಕರೆಸಿದೆ.
ನೋಟು ಮೂರು ಸಲ ಎಣಿಸಿದೆ,
ಗೂಡು ಕೊಂಡ ಚೀಟಿ, ಮಾವನ ರೀಲಿಂಗ್ ಲೈಸೆನ್ಸು,
ಸಂಘದ ಪಾಸ್‌ಬುಕ್ಕು, ಎಲ್ಲ ತರಿಸಿದೆ.
ಬೇರೆ ಯಾರಿಗೂ ಕೇಳದ್ದನ್ನೂ ಕೇಳಿದೆ.
ಅದು ನನಗೆ ಗೊತ್ತು. ಅವಳಿಗೂ.
ಕೋಪವಿಲ್ಲದೆ ಒಂದೊಂದಕ್ಕೇ ಉತ್ತರ ಹೇಳುತ್ತಿದ್ದಳು,
ರೂಢಿಯಾದವಳ ಹಾಗೆ.

ಹೇಳುತ್ತ ಹೇಳುತ್ತ ಅರ್ಧಕ್ಕೇ ನಿಲ್ಲಿಸಿದಳು.
ಸದ್ದು ದೂರದಿಂದ ಬಂತು, ಹತ್ತಿರವಾಯಿತು,
ಮೇಜಿನ ಮೇಲಿನ ಗುಂಡುಸೂಜಿಗಳು ನಡುಗಿದವು.
ಇಬ್ಬರೂ ಒಟ್ಟಿಗೇ ಮೇಲೆ ನೋಡಿದೆವು.

ಮೇಲೆ ತಗಡು ಬಿಟ್ಟರೆ ಏನೂ ಇರಲಿಲ್ಲ.