ಒಂದು ಕಿಲೋ

ಅಕ್ಕಲಕೋಟ ರಸ್ತೆಯ ಆ ಮನೆಯ ಹೆಸರು ‘ಸಾವಲಿ’.
ಮರಾಠಿಯಲ್ಲಿ ನೆರಳು ಎಂದರ್ಥ.
ಗೇಟಿನ ಬೇವನ್ನು ಕರೆಂಟಿನವರು ಕಡಿದಿದ್ದರು;
ಏಪ್ರಿಲ್, ಹನ್ನೊಂದು ಗಂಟೆ, ಸೋಲಾಪುರದ ಬಿಸಿಲು
ಹೆಸರಿನ ಮೇಲೇ ಕೂತಿತ್ತು.

ಮೂವತ್ತೊಂದು ವರ್ಷ ತೂಕ-ಅಳತೆ ಖಾತೆಯಲ್ಲಿದ್ದವನು ನಾನು.
ಪೇಟೆಯ ತಕ್ಕಡಿಗಳೆಲ್ಲ
ನನ್ನ ಬೂಟಿನ ಸದ್ದಿಗೆ ನೆಟ್ಟಗಾಗುತ್ತಿದ್ದವು.
ಈಗ ನನ್ನ ಬಲಗೈಯೇ ತಕ್ಕಡಿ,
ತಟ್ಟೆಯಲ್ಲಿ ಏನೂ ಇಲ್ಲದೆ
ಹಗಲೂ ರಾತ್ರಿ ತೂಗುತ್ತಿರುತ್ತದೆ.
ಡಾಕ್ಟರು ಅದಕ್ಕೊಂದು ಹೆಸರು ಬರೆದುಕೊಟ್ಟಿದ್ದಾರೆ.

ಹಾಗಾಗಿ ನನ್ನ ಮಂಚ ನೋಡಲು ನಾನೇ ಬಂದೆ.
ಚೀಲದಲ್ಲಿ ಟಾರ್ಚು, ಟೇಪು, ಮತ್ತು
ನಿವೃತ್ತಿಯ ದಿನ ವಾಪಸು ಕೊಡಲು ಮರೆತ
(ಸುಳ್ಳೇಕೆ, ಕೊಡದೆ ಇಟ್ಟುಕೊಂಡ)
ಹಿತ್ತಾಳೆಯ ಒಂದು ಕಿಲೋ.

ಮ್ಯಾನೇಜರ್ ದೇಶಮಾನೆ ಚಹಾ ತರಿಸಿದ,
ಮೀನಿನ ತೊಟ್ಟಿ ತೋರಿಸಿದ.
ನಾನು ಬಚ್ಚಲು ಕೇಳಿದೆ.
ಗೋಡೆಯ ಹಿಡಿಕೆ ಗಟ್ಟಿ. ಎಳೆದು ನೋಡಿದೆ.
ಆದರೆ ಅದು ಕೈಗೆ ಸಿಗುವ ಮೊದಲು
ಎರಡು ಹೆಜ್ಜೆ ಒದ್ದೆ ನೆಲ.

ಕರೆಗಂಟೆ ಒತ್ತಿ ಗಡಿಯಾರ ನೋಡಿದೆ.
ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.
ಓಡಿ ಬಂದ ಹುಡುಗಿಯ ಕೈಯಲ್ಲಿ ಇನ್ನಾರದೋ ಊಟದ ಚಮಚ.
“ಮೇಲಿನ ಮಹಡಿಗೂ ನಾನೇ, ಕಾಕಾ.”
ಹತ್ತೊಂಬತ್ತು ಮಂಚ.
ರಾತ್ರಿ? ರಾತ್ರಿಯೂ ಅವಳೇ, ಶುಕ್ರವಾರ ಬಿಟ್ಟು.
ಬರೆದುಕೊಂಡೆ. ಅವಳ ತಪ್ಪೆಂದು ಬರೆಯಲಿಲ್ಲ.

ಹಿಂಬಾಗಿಲಿಗೆ ಬೀಗ.
ಕೀಲಿ ದೇಶಮಾನೆಯ ಮೋಟರ್‌ಸೈಕಲ್ಲಿನ ಗೊಂಚಲಲ್ಲಿ;
ಅವನು ಮನೆಗೆ ಹೊರಟರೆ ಬಾಗಿಲೂ ಹೊರಟಂತೆ.

ಒಳ್ಳೆಯದನ್ನೂ ಹೇಳಬೇಕು:
ಬೇಳೆ ಬಿಸಿಯಿತ್ತು. ಉಗುರು ಕತ್ತರಿಸಿದ್ದರು.
ಹಾಸಿಗೆ ಹಿಡಿದವರ ಚಾದರ ಸರಿಸಿ ಹಿಮ್ಮಡಿ ನೋಡಿದೆ,
ಹುಣ್ಣಿರಲಿಲ್ಲ.
ಚಾದರಕ್ಕೆ ಸೋಪಿನ ವಾಸನೆ, ಬೇರೆ ಯಾವುದೂ ಅಲ್ಲ.

ಆಮೇಲೆ ಮೂಲೆಯ ತೂಕದ ಯಂತ್ರ.
ಜನವರಿಯಲ್ಲಿ ತಂದದ್ದಂತೆ, ಹೊಚ್ಚ ಹೊಸದು.
ಮುಳ್ಳು ಸೊನ್ನೆಯ ಮೇಲೆ ಸಭ್ಯವಾಗಿ ಕೂತಿತ್ತು.
ಖಾಲಿ ತಕ್ಕಡಿ ಎಲ್ಲ ಅಂಗಡಿಯಲ್ಲೂ ಸಾಧುವೇ.
ಎರಡೂ ಕೈಯಲ್ಲಿ ಹಿಡಿದು ಕಿಲೋ ಇಟ್ಟೆ.
ಮೂರು.
ತೆಗೆದು ಮತ್ತೆ ಇಟ್ಟೆ.
ಮೂರು.

ದೇಶಮಾನೆ ತಾನೇ ಹತ್ತಿ ನಿಂತ. ಎಂಬತ್ತಾರು.
“ಹಾಗಾದರೆ ಎಂಬತ್ನಾಲ್ಕೇ!” ಎಂದು ಒಂದು ಗಳಿಗೆ ಅರಳಿದ.
ಆಮೇಲೆ ಗೋಡೆಯ ಚಾರ್ಟಿನ ಕಡೆ ತಿರುಗಿದ.
ಡಿಸೆಂಬರಿನಲ್ಲಿ ನಲವತ್ತೊಂದು,
ಈಗಲೂ ನಲವತ್ತೊಂದು.
ಹತ್ತೊಂಬತ್ತು ಸಾಲು, ಎಲ್ಲರೂ ಕ್ಷೇಮ.
ಅವನು ಕರ್ಚೀಫು ಹುಡುಕತೊಡಗಿದ.

ಕಿಟಕಿಯ ಪಕ್ಕದ ಮಂಚದಿಂದ ಬಾಲಮಣಿ ಚಿಪ್ಪಾ ನಕ್ಕಳು.
ನಲವತ್ತು ವರ್ಷ ಬೀಡಿ ಕಟ್ಟಿದವಳು,
ಬೆರಳು ಈಗಲೂ ಇಲ್ಲದ ಎಲೆ ಸುತ್ತುತ್ತವೆ.
ತೆಲುಗು ಕಲೆಸಿದ ಕನ್ನಡದಲ್ಲಿ ಹೇಳಿದಳು:
“ಈ ಬಳಿ ನೋಡ್ರಿ ಸಾಹೇಬ್ರ,
ಮುಂಗೈಯಾಗ ಇದ್ದದ್ದು ಮೊಣಕೈಗೆ ಏರಿ ಮೂರು ತಿಂಗಳಾತು.
ಯಾರಿಗೆ ಹೇಳಲಿ?
ನಾ ನೆಟ್ಟಗದೀನಿ ಅಂತ ಕಾಗದ ಹೇಳ್ತದಲ್ಲ.”

ಮೂವತ್ತೊಂದು ವರ್ಷದಲ್ಲಿ
ಎಷ್ಟೋ ಕಲ್ಲು ಜಪ್ತಿ ಮಾಡಿದ್ದೇನೆ, ಎಷ್ಟೋ ದಂಡ ಹಾಕಿದ್ದೇನೆ;
ಬಳೆಯನ್ನು ಅಳತೆಯೆಂದು ಯಾವ ಕಾನೂನೂ
ನನಗೆ ಕಲಿಸಿರಲಿಲ್ಲ.

ಹೊರಡುವಾಗ ಕಿಲೋ ಚೀಲಕ್ಕೆ ಹಾಕಲಿಲ್ಲ.
ನನ್ನ ಕೈಯಲ್ಲಿ ಗಡಗಡ ಅನ್ನುತ್ತಿದ್ದದ್ದು
ಅವಳ ಮಡಿಲಲ್ಲಿ ಸುಮ್ಮನೆ ಕೂತಿತು.
“ಪ್ರತಿ ಸೋಮವಾರ, ಮೊದಲು ಇದನ್ನು ಇಡಿಸಿ,
ಆಮೇಲೆ ನೀವು ಹತ್ತಿ.”

“ಬರ್ತೀರೇನು, ಇಲ್ಲೇ ಇರಾಕ?”
“ಹಿಂಬಾಗಿಲ ಕೀಲಿ ಗೋಡೆಯ ಮೊಳೆಗೆ ಬರಲಿ.
ರಾತ್ರಿಗೆ ಇನ್ನೊಬ್ಬಳು ಬರಲಿ. ನೋಡೋಣ.”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ
ತೂಗುವವಳಂತೆ ನೋಡಿದಳು.
“ಅದಿರ್ಲಿ. ರಾತ್ರಿ ಗೊರಕಿ ಹೊಡೀತೀರೇನು?
ನಡುವಿನ ಗೋಡಿ ಬಾಳ ತೆಳ್ಳಗ ಅದ.”