ಹಿಡಿಯ ಭಾರ

ಭಾನುವಾರ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ.
ಕಾಲಿಡಲು ಜಾಗವಿಲ್ಲ.
ರೆಕ್ಕೆ ಕಳಚಿದ ಫ್ಯಾನು, ಕಣ್ಣು ಹೋದ ಕ್ಯಾಮೆರಾ,
ಒಂಟಿ ಷೂ, ಅದಕ್ಕೂ ಚೌಕಾಸಿ.
ನಾನು ಬಂದದ್ದು ಕುಕ್ಕರಿನ ವಿಷಲ್ಲಿಗೆ.

ಟಾರ್ಪಾಲಿನ ಮೂಲೆಯಲ್ಲಿ ಕೂತಿತ್ತು ಅದು,
ಹಸಿರು ಸುಲಿದ ಪೆಟ್ಟಿಗೆ,
ಬೆವರು ಕುಡಿದು ಬೆಲ್ಲದ ಬಣ್ಣಕ್ಕಿಳಿದ ಕ್ಯಾನ್ವಾಸ್ ಪಟ್ಟಿ,
ಮಗ್ಗುಲಲ್ಲಿ ಮಡಿಸಿಟ್ಟ ಹಿಡಿ.
ನನ್ನ ಬಲಗೈ ಎದ್ದು ಹೋಯಿತು
ನನ್ನನ್ನು ಕೇಳದೆ.

"ಮಿಲಿಟ್ರಿ ಫೋನಮ್ಮಾ, ಅಸಲಿ ಮಾಲು.
ಪಬ್ಬಿನೋರು ಗೋಡೆಗೆ ಹೊಡೆಯೋಕೆ ಒಯ್ತಾರೆ"
ಅಂದ ಮುಕ್ತಿಯಾರ್.
ಅವನಿಗೆ ಗೊತ್ತಿಲ್ಲದ ತಿರುಪು ನನಗೆ ಗೊತ್ತು.
ಎಂಟಾಣೆ ಬಿಲ್ಲೆಯಲ್ಲಿ ಬಿಚ್ಚಿದೆ.
ತಾಮ್ರದ ಸುರುಳಿಯ ಕೆಳಗೆ
ನೇರಳೆ ಶಾಯಿಯ ಸಣ್ಣ ವೃತ್ತ,
ಅದರೊಳಗೆ ಅರವತ್ತೊಂದು.

ಅರವತ್ತೊಂದು ನಾನೇ.

ದೂರವಾಣಿನಗರದ ಮೂರನೇ ಶೆಡ್ಡು.
ಸಾಲಿನ ಕೊನೆಯ ಬೆಂಚು, ಪರೀಕ್ಷೆಯ ಬೆಂಚು.
ಸುರುಳಿ ಸುತ್ತಲು ಫಿಲೋಮಿನಾ, ಬೆಸುಗೆಗೆ ತಾಯಮ್ಮ,
ರಾಳದ ಹೊಗೆ ಸೀರೆಯ ನೆರಿಗೆಯಲ್ಲೇ ಮನೆಗೆ ಬರುತ್ತಿತ್ತು.
ಕೂಸಿಗೆ ಹಾಲು ಕೊಡುವ ಮುಂಚೆ
ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದೆವು.
ಊರ ಹೆಸರೇ ದೂರವಾಣಿ.
ನಮ್ಮ ಕ್ವಾರ್ಟರ್ಸಿಗೆ ಫೋನು ಬಂದದ್ದು
ಅರ್ಜಿ ಹಾಕಿದ ಒಂಬತ್ತನೇ ವರ್ಷ.

ಪರೀಕ್ಷೆಗೆ ಒಂದು ಎರಡು ಮೂರು ಎಣಿಸಬೇಕು,
ಅದು ನಿಯಮ.
ನಾನು ಕೇಳುತ್ತಿದ್ದುದು: "ಊಟ ಆಯ್ತಾ?"
ಪಾರ್ಟಿಷನ್ನಿನಾಚೆಯಿಂದ ಜರೀನಾ: "ಆಯ್ತು."
ಬೆಳಿಗ್ಗೆ ಎಂಟಕ್ಕೂ ಆಯ್ತು, ಹತ್ತಕ್ಕೂ ಆಯ್ತು,
ದಿನಕ್ಕೆ ನಲವತ್ತು ಊಟ.
ಸೂಪರ್‌ವೈಸರ್ ಕೃಪಾನಿಧಿ ಬೈದು ಬೈದು ಸುಸ್ತಾದರು.
ಯಾವ ಗುಡ್ಡಕ್ಕೆ ಹೋಯಿತೋ, ಯಾವ ಬಂಕರಿಗೋ,
ನಮ್ಮ ಕೈ ದಾಟಿದ ಒಂದೊಂದು ಪೆಟ್ಟಿಗೆಯೂ
ಹುಟ್ಟಿದಾಗ ಕೇಳಿಸಿಕೊಂಡದ್ದು ಇಷ್ಟೇ.

ಹಿಡಿಯದೊಂದು ಗುಟ್ಟು ಇದೆ.
ತಂತಿ ಕಟ್ಟದೆ ತಿರುಗಿಸಿ ನೋಡಿ, ಹಗುರ,
ಬೀಜ ಮುಗಿದ ಕಾಫಿಪುಡಿ ಯಂತ್ರದ ಹಾಗೆ ಓಡುತ್ತದೆ.
ಆ ತುದಿಗೆ ಇನ್ನೊಂದು ಪೆಟ್ಟಿಗೆ ಇದ್ದರೆ
ಹಿಡಿ ಭಾರ.
ಅಲ್ಲಿ ಗಂಟೆ ಬಾರಿಸಿದ್ದು ನಮಗೆ ಕೇಳುವುದಿಲ್ಲ,
ಮಣಿಕಟ್ಟಿಗೆ ತಿಳಿಯುತ್ತದೆ.
ಹೊಸ ಹುಡುಗಿಯರಿಗೆ ನಾನು ಕಲಿಸಿದ್ದು ಇದೊಂದೇ,
ಮಿಕ್ಕಿದ್ದು ಪುಸ್ತಕದಲ್ಲಿತ್ತು.

ಬ್ಯಾಟರಿಯ ಗೂಡಲ್ಲಿ ಚಿಟಿಕೆ ಮಣ್ಣು,
ನಮ್ಮ ಕಡೆಯದಲ್ಲ, ಬೂದಿಯಷ್ಟು ಬಿಳಿ.
ಮುಚ್ಚಳದ ಒಳಮೈಗೆ ಮೊಳೆಯಲ್ಲಿ ಗೀಚಿದ ಎರಡು ಸಾಲು,
ನನಗೆ ಬಾರದ ಲಿಪಿ.
ಹೆಸರಿರಬಹುದು. ಸೆಲ್ಲು ಬದಲಿಸಿದ ತಾರೀಖಿರಬಹುದು.
ಪಟ್ಟಿಯ ತುದಿಯಲ್ಲಿ ಹಲ್ಲಿನ ಗುರುತು.
ಹೆದರಿ ಕಚ್ಚಿದನೋ ಬೇಜಾರಿಗೆ ಕಚ್ಚಿದನೋ,
ಚಳಿಯಲ್ಲಿ ಎರಡು ಕೈಗೂ ಕೆಲಸವಿತ್ತೋ.
ಕಥೆ ಕಟ್ಟಲಾರೆ.
ಪಾಸು ಅಂತ ಮುದ್ರೆ ಒತ್ತಿದವಳು ನಾನು,
ಆಮೇಲಿನದು ನನ್ನ ಬೆಂಚಿನದಲ್ಲ
ಅಂದುಕೊಂಡೇ ಮೂವತ್ತೆರಡು ವರ್ಷ.

"ಇದರ ಜೋಡಿ ಇದೆಯೇನಪ್ಪಾ?"
"ಗುಜರಿಗೆ ಜೋಡಿ ಎಲ್ಲಿ ಬರತ್ತಮ್ಮಾ,
ಒಂಟಿಯೇ ಬರೋದು. ಮೂರೂವರೆ ಸಾವಿರ ಕೊಡಿ."

ನನ್ನ ಚೀಲದಲ್ಲಿ ಆರು ನೂರಿತ್ತು.

"ಈ ಎರಡು ತಿರುಪು ಮುಟ್ಟಿಕೋ ಒಂಚೂರು.
ಜುಂ ಅನ್ನತ್ತೆ, ಸಾಯಲ್ಲ."
ನಕ್ಕ. ಚಹಾದ ಲೋಟ ಕೆಳಗಿಟ್ಟು
ಒದ್ದೆ ಬೆರಳಲ್ಲೇ ಮುಟ್ಟಿದ.

ತಿರುಗಿಸಿದೆ. ಮೊದಲು ಕಿರ್ ಅಂತು, ತುಕ್ಕು.
ಆಮೇಲೆ, ಹೇಗೆ ಹೇಳಲಿ,
ಒಂದು ಕೂದಲೆಳೆಯಷ್ಟು
ಭಾರ.

"ಯಾ ಅಲ್ಲಾ!" ಕೈ ಕೊಡವಿ ಹಾರಿದ,
ಪಕ್ಕದ ಚಪ್ಪಲಿಯವನು, ವಾಚಿನವನು ಎಲ್ಲ ನಕ್ಕರು.
ನನ್ನ ಕೈ ಹಿಡಿಯ ಮೇಲೇ ಇತ್ತು.
ಬಾಯಿ ಮಾತ್ರ ಹಳೇ ಬೆಂಚಿಗೆ ಹೋಗಿ
ಕೇಳಿಬಿಟ್ಟಿತು: ಊಟ ಆಯ್ತಾ?

ಬೆರಳು ಊದಿಕೊಳ್ಳುತ್ತಾ
ನನ್ನನ್ನೇ ನೋಡಿದ ಮುಕ್ತಿಯಾರ್.

"ಇನ್ನೂ ಇಲ್ಲಮ್ಮಾ."